ಕಾರ್ಮೆಲ್ ಏರಿನಲ್ಲಿ ಮೂವರು ಸವಾರರು, ಒಂದು ಕುದುರೆ

ಬೆಂಗಳೂರಿನ ಜೆ.ಸಿ. ನಗರದ ಕಡೆ ಹೋದಾಗಲೆಲ್ಲ ಮೈಸೂರು ಲ್ಯಾನ್ಸರ್ಸ್, ಅಂದರೆ ಮೈಸೂರು ಸಂಸ್ಥಾನದ ಈಟಿ ಹಿಡಿದ ಕುದುರೆ ಸವಾರರ ದಳದ, ಸ್ಮಾರಕದ ಮುಂದೆ ಒಂದು ನಿಮಿಷ ಗಾಡಿ ನಿಲ್ಲಿಸುವುದು ನನಗೆ ಹಳೆಯ ರೂಢಿ. 1918ರ ಸೆಪ್ಟೆಂಬರ್ 23ರಂದು ಈಗ ಇಸ್ರೇಲಿನಲ್ಲಿರುವ ಹೈಫಾ ಊರನ್ನು ತುರ್ಕರಿಂದ ಗೆದ್ದುಕೊಂಡಾಗ ಜೋಧಪುರದ ಸವಾರರು ಊರಿನತ್ತ ಕುದುರೆ ನುಗ್ಗಿಸಿದರು. ನಮ್ಮ ಮೈಸೂರಿನವರು ಪಕ್ಕದ ಕಾರ್ಮೆಲ್ ಬೆಟ್ಟದ ಕಲ್ಲುದಾರಿ ಹತ್ತಿ, ಅಲ್ಲಿಂದ ಗುಂಡು ಸುರಿಸುತ್ತಿದ್ದವರನ್ನು ಅಡಗಿಸಿದರು. ಚಿತ್ರಗಳಲ್ಲಿ ಕಾಣುವುದೆಲ್ಲ ಈಟಿ ಚಾಚಿದ ಆ ಓಟ. ಪುಟ್ಟ ಬೊಂಬೆಗಳ ದೃಶ್ಯವಾಗಿ ನನಗೆ ಮಾಡಬೇಕೆನಿಸಿದ್ದು ಹತ್ತಿದವರ ದಣಿವು.

ದೃಶ್ಯ ನನ್ನ ಕಲ್ಪನೆಯದು. ಸಂಜೆಯ ಹೊತ್ತು, ಗುಂಡಿನ ಸದ್ದು ನಿಂತಿದೆ, ಹಿಂದೆ ಉಳಿದ ಒಂದು ಕುದುರೆಯನ್ನು ಮೂವರು ಏರಿನ ಮೇಲೆ ಕರೆತರುತ್ತಿದ್ದಾರೆ. ಅಳತೆ 1/35, ಅಂದರೆ ನಿಜದ ಮೂವತ್ತೈದರಲ್ಲಿ ಒಂದು ಪಾಲು. ಐದಡಿ ಏಳಂಗುಲದ ಮನುಷ್ಯ ಇಲ್ಲಿ 48 ಮಿ.ಮೀ. ಚಿಲ್ಲರೆ, ತಲೆ ಆರೂವರೆ ಮಿ.ಮೀ. ಮೊದಲು ಇದನ್ನು ಗ್ರಾಫ್ ಹಾಳೆಯ ಮೇಲೆ ಬರೆದುಕೊಂಡೆ. ಕೊನೆಯವರೆಗೂ ಆ ಹಾಳೆ ಮೇಜಿನ ಮೇಲೇ ಇತ್ತು.

ಮೈಸೂರು ಸವಾರರ ಕಿಟ್ (ಜೋಡಿಸುವ ಪ್ಲಾಸ್ಟಿಕ್ ಬೊಂಬೆಗಳ ಬಿಡಿಭಾಗಗಳ ಪೆಟ್ಟಿಗೆ) ನನಗೆಲ್ಲೂ ಸಿಗಲಿಲ್ಲ. ಮೊದಲ ಮಹಾಯುದ್ಧದ ಬ್ರಿಟಿಷ್ ಕಾಲಾಳುಗಳ ಕಿಟ್‌ನಿಂದ ಎರಡು ಮೈ ತೆಗೆದುಕೊಂಡೆ. ಸೊಂಟದಲ್ಲಿ, ಮಂಡಿಯಲ್ಲಿ ಸಣ್ಣ ಗರಗಸದಿಂದ ಕೊಯ್ದು, ಎಸ್.ಪಿ. ರೋಡಿನಿಂದ ತಂದ ತಾಮ್ರದ ವೈಂಡಿಂಗ್ ತಂತಿಯನ್ನು ಒಳಗೆ ಪೋಣಿಸಿ, ಬೇಕಾದಂತೆ ಬಗ್ಗಿಸಿ, ಸಂದುಗಳಿಗೆ ಎಂ-ಸೀಲ್ ಎಂಬ ಕಲಸುವ ಪುಟ್ಟಿ ತುಂಬಿದೆ. ಎಂ-ಸೀಲ್ ಸ್ವಲ್ಪ ಒರಟು, ಬೇಗ ಬಿಗಿಯುತ್ತದೆ. ಕಡಲೆ ಗಾತ್ರಕ್ಕಿಂತ ಹೆಚ್ಚು ಒಮ್ಮೆಗೆ ಕಲಸಬಾರದು.

ಪೇಟ ಮಾಡಲು ಎರಡು ವಾರ ಹಿಡಿಯಿತು. ಮೊದಲು ಉಂಡೆ ಮಾಡಿ ತಲೆಗೆ ಕೂರಿಸಿ, ಮೇಲೆ ಗೆರೆ ಕೊರೆದೆ. ಗಾಯಕ್ಕೆ ಬ್ಯಾಂಡೇಜ್ ಸುತ್ತಿದಂತೆ ಕಂಡಿತು. ಕಿತ್ತು ಹಾಕಿದೆ. ಆಮೇಲೆ ಗಾಜಿನ ಮೇಲೆ ಮುಖಕ್ಕೆ ಹಚ್ಚುವ ಪೌಡರ್ ಉದುರಿಸಿ, ಕಲಸಿದ ಪುಟ್ಟಿಯನ್ನು ಅಮ್ಮನ ಒಬ್ಬಟ್ಟಿಗಿಂತ ತೆಳ್ಳಗೆ ಲಟ್ಟಿಸಿ, ಕಟರ್ ಬ್ಲೇಡಿನಿಂದ ಮೂರು ಮಿ.ಮೀ. ಅಗಲದ ಪಟ್ಟಿ ಕೊಯ್ದೆ. ನಿಜವಾದ ಪೇಟದಂತೆಯೇ ಕಿವಿಯ ಮೇಲಿಂದ ಶುರು ಮಾಡಿ ಒಂದೊಂದೇ ಸುತ್ತು ಸುತ್ತಿದೆ. ಪ್ರತಿ ಸುತ್ತಿನ ಅಂಚು ಹಿಂದಿನ ಸುತ್ತಿನ ಮೇಲೆ ಕೂತಿತು, ಮಡಿಕೆಗಳು ತಾವಾಗಿ ಬಂದವು. ಬಟ್ಟೆ ಹೇಗೆ ಮಡಿಯುತ್ತದೋ ಹಾಗೇ ಮಡಿಸಿದರೆ ಮಾತ್ರ ಅದು ಬಟ್ಟೆಯಂತೆ ಕಾಣುತ್ತದೆ.

ಈಟಿಯ ಕೋಲು ಆಗ ಬಿದಿರಿನದು, ಉದ್ದ ಸುಮಾರು ಒಂಬತ್ತು ಅಡಿ. ನನ್ನ ಅಳತೆಗೆ 78 ಮಿ.ಮೀ. ಪ್ಲಾಸ್ಟಿಕ್ ಕಡ್ಡಿ ಬಾಗುತ್ತಿತ್ತು. ದೇವರ ಮನೆಯ ಊದುಬತ್ತಿ ಉರಿದು ಉಳಿದ ಕಡ್ಡಿಯೂ ಬಿದಿರೇ. ಅದನ್ನು ಸ್ಯಾಂಡ್‌ಪೇಪರಿನ ನಡುವೆ ಹಿಡಿದು ಹೊರಳಿಸಿ ಸಣ್ಣಗೆ ಮಾಡಿದೆ. ಅದಕ್ಕೆ ಬಣ್ಣವನ್ನೇ ಹಚ್ಚಲಿಲ್ಲ, ಕಂದು ಎಣ್ಣೆಬಣ್ಣವನ್ನು ಟರ್ಪೆಂಟೈನಿನಲ್ಲಿ ನೀರಾಗಿಸಿ ಒಮ್ಮೆ ಒರೆಸಿದೆ, ಅಷ್ಟೆ.

ಕುದುರೆ ಎರಡನೇ ಮಹಾಯುದ್ಧದ ಜರ್ಮನ್ ಅಶ್ವದಳದ ಕಿಟ್‌ನದು. ಕತ್ತು ಎತ್ತಿ ನಿಂತಿತ್ತು. ಹಾಗೇ ಏರಿನ ಮೇಲಿಟ್ಟರೆ ಪ್ರತಿಮೆಯನ್ನು ಓರೆಯಾಗಿ ಇಟ್ಟಂತಿತ್ತು. ತಪ್ಪು ಎಲ್ಲಿದೆ ಎಂದು ನನಗೆ ಗೊತ್ತಾಗಿದ್ದು ಶಿವಾಜಿನಗರದಲ್ಲಿ ಮದುವೆ ಮೆರವಣಿಗೆಗೆ ಕುದುರೆ ಕೊಡುವವರೊಬ್ಬರಿಂದ. "ಅಣ್ಣ, ಈ ಏರಲ್ಲಿ ಸ್ವಲ್ಪ ನಡೆಸಿ ತೋರಿಸ್ತೀರಾ?" ಅಂತ ಕೇಳಿದೆ. ನಡೆಸುತ್ತಾ ಹೇಳಿದರು: "ಹತ್ತೋವಾಗ ಇದು ತಲೆ ಎತ್ತಲ್ಲ ಸಾರ್. ಕತ್ತು ಮುಂದಕ್ಕೆ ಚಾಚ್ತದೆ. ಲಗಾಮು ಎಳೆದು ಹಿಡಿದ್ರೆ ಹೆಜ್ಜೆನೇ ಇಡಲ್ಲ, ಸಡಿಲ ಬಿಡಬೇಕು." ಮೈಯ ಭಾರವನ್ನೆಲ್ಲ ಹಿಂಗಾಲುಗಳು ತಳ್ಳುತ್ತಿದ್ದವು. ತೊಡೆಯ ಸ್ನಾಯು ಗಂಟುಕಟ್ಟಿ, ಗೊರಸಿನ ಮುಂತುದಿ ಮಾತ್ರ ನೆಲ ಕಚ್ಚಿತ್ತು.

ಅವತ್ತು ಸಂಜೆಯೇ ಕುದುರೆಯ ಕತ್ತಿನ ಬುಡದಲ್ಲಿ, ಕೆಳಭಾಗದಿಂದ, ಬೆಣೆಯಾಕಾರದ ಒಂದು ತುಂಡು ತೆಗೆದು ಕತ್ತನ್ನು ಮುಂದಕ್ಕೆ ಇಳಿಸಿದೆ, ಮೇಲೆ ಬಿಟ್ಟ ಬಿರುಕನ್ನು ಪುಟ್ಟಿಯಿಂದ ಮುಚ್ಚಿದೆ. ಹಿಂಗಾಲುಗಳನ್ನು ಕೀಲುಗಳಲ್ಲಿ ಕೊಯ್ದು ಹೊಟ್ಟೆಯಡಿಗೆ ತಂದೆ. ಲಗಾಮನ್ನು ಮಾತ್ರೆ ಪಟ್ಟಿಯ ಹಿಂಬದಿಯ ಹಾಳೆಯಿಂದ ಕತ್ತರಿಸಿ, ಜೋಲುವಂತೆ ಬಿಟ್ಟೆ. ಮುಂದೆ ನಡೆಯುವವನ ಕೈ ಅದನ್ನು ಎಳೆಯುತ್ತಿಲ್ಲ, ಬರೀ ಹಿಡಿದಿದೆ. ಅಲ್ಲಿಂದ ಮುಂದೆ ಪ್ರತಿ ಬೊಂಬೆಗೂ ನಾನು ಮೊದಲು ಕೇಳಿಕೊಂಡದ್ದು ಭಾರ ಎಲ್ಲಿ ಬೀಳುತ್ತಿದೆ ಎಂದು. ಮುಖ, ಮೀಸೆ, ಗುಂಡಿ ಎಲ್ಲ ಆಮೇಲೆ. ಭಾರ ತಪ್ಪಿದ ಬೊಂಬೆಗೆ ಎಷ್ಟು ಚೆಂದ ಬಣ್ಣ ಬಳಿದರೂ ಅದಕ್ಕೆ ಜೀವ ಬರುವುದಿಲ್ಲ.

ನೆಲ ಸುಲಭವಾಯಿತು: ಥರ್ಮಕೋಲ್, ಮೇಲೆ ಪ್ಲಾಸ್ಟರ್ ಆಫ್ ಪ್ಯಾರಿಸ್, ಜರಡಿ ಹಿಡಿದ ಮಣ್ಣು, ಫೆವಿಕಾಲ್. ಕಾರ್ಮೆಲ್ ಸುಣ್ಣಕಲ್ಲಿನ ಬೆಟ್ಟ, ನಮ್ಮ ಗ್ರಾನೈಟಿನ ದುಂಡು ಬಂಡೆಗಳು ಅಲ್ಲಿ ಸಲ್ಲವು. ಒಣಗಿದ ಪ್ಲಾಸ್ಟರನ್ನು ಮುರಿದು ಪದರ ಪದರವಾಗಿ ಜೋಡಿಸಿದೆ. ಸೆಪ್ಟೆಂಬರಿನ ಒಣಹುಲ್ಲಿಗೆ ತೆಂಗಿನ ನಾರು, ಪೊದೆಗಳಿಗೆ ಒಣಗಿದ ತುಳಸಿಯ ಬೇರು.

ಮೂರನೆಯವನು ಪೂರ್ತಿ ನನ್ನ ಕೈಯವನು, ತಂತಿಯ ಅಸ್ಥಿಪಂಜರದಿಂದ ಉದ್ದ ಖಾಕಿ ಕುರ್ತಾದವರೆಗೆ. ಅವನನ್ನು ಬಂಡೆಯ ಮೇಲೆ ಕೂರಿಸಿ ಕೈಗೆ ಬಂದೂಕು ಕೊಟ್ಟಿದ್ದೆ. ಎಲ್ಲ ಮುಗಿಯಿತು ಅಂದುಕೊಂಡು ಅಮ್ಮನಿಗೆ ತೋರಿಸಿದೆ. ಅಮ್ಮ ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿ, "ಪಾಪ, ಕುದುರೆ ಇಷ್ಟು ಸುಸ್ತಾಗಿದೆ, ನೀರು ಕೊಡೋರು ಯಾರೂ ಇಲ್ವೇನೋ?" ಅಂದರು.

ಮರುದಿನ ಅವನನ್ನು ಬಂಡೆಯಿಂದ ಎಬ್ಬಿಸಿ, ತಂತಿಯವರೆಗೂ ಬಿಚ್ಚಿ ಮತ್ತೆ ಮಾಡಿದೆ. ಫೆವಿಕಾಲಿನಲ್ಲಿ ನೆನೆಸಿದ ಕಾಗದವನ್ನು ಪೆನ್ಸಿಲಿಗೆ ಸುತ್ತಿ ಎಂಟು ಮಿ.ಮೀ. ಎತ್ತರದ ಕ್ಯಾನ್ವಾಸ್ ಬಕೆಟ್ ಆಯಿತು. ತುಂಬಿದ ಬಕೆಟ್ ಹಿಡಿದವನ ಬಲಭುಜ ಕೆಳಗಿಳಿಯಿತು, ಸೊಂಟ ಎಡಕ್ಕೆ ಸರಿಯಿತು, ಎಡಗೈ ಮೈಯಿಂದ ದೂರ ಚಾಚಿತು. ಎಡ ಅಂಗಾಲಿನಿಂದ ತಂತಿ ಇಳಿಸಿ ನೆಲಕ್ಕೆ ಕೂರಿಸಿದೆ, ಹಿಮ್ಮಡಿಯ ಹಿಂದೆ ಜಾರುತ್ತಿರುವ ನಾಲ್ಕು ಹರಳು ಅಂಟಿಸಿದೆ.