ವೈನರಿಗೆ ಒಂದು ದಿನ: ಹೀಗೆ ಹೋಗಿ ಬನ್ನಿ

ಬೆಂಗಳೂರಿನಿಂದ ವೈನರಿಗೆ, ಅಂದರೆ ವೈನ್ ತಯಾರಿಸುವ ಜಾಗಕ್ಕೆ, ಹೊರಟವರು ಮಾಡೋ ಎಡವಟ್ಟು ಬಹುತೇಕ ಒಂದೇ. ಬೆಳಗಿನ ಜಾವ ನಂದಿ ಬೆಟ್ಟ, ಆಮೇಲೆ ಭೋಗನಂದೀಶ್ವರ, ಹಾಗೇ ಘಾಟಿ ಸುಬ್ರಹ್ಮಣ್ಯ, ಎಲ್ಲ ಮುಗಿಸಿ ಸುಸ್ತಾಗಿ ಹಸಿದ ಹೊಟ್ಟೆಯಲ್ಲಿ ವೈನರಿಗೆ ಬರುತ್ತಾರೆ. ಬೆಟ್ಟಕ್ಕೆ ಇನ್ನೊಂದು ದಿನ ಹೋಗಿ.

ನನ್ನ ಆಯ್ಕೆ ದೊಡ್ಡಬಳ್ಳಾಪುರ–ದೇವನಹಳ್ಳಿ ರಸ್ತೆಯ ರಘುನಾಥಪುರದಲ್ಲಿರುವ ಗ್ರೋವರ್ ಜಾಂಪಾ. ಸುಮಾರು 40 ಕಿ.ಮೀ. ದೂರ. ಮೈಸೂರು ರಸ್ತೆ ಕಡೆಯವರಿಗೆ ಚನ್ನಪಟ್ಟಣದ ಬಳಿಯ ವೈನರಿ ಹತ್ತಿರ. ಫೆಬ್ರುವರಿ, ಮಾರ್ಚ್‌ನಲ್ಲೇ ಹೋಗಿ, ಆಗ ದ್ರಾಕ್ಷಿ ಕೊಯ್ಲು ನಡೆಯುತ್ತಿರುತ್ತದೆ. ಮಳೆಗಾಲದಲ್ಲಿ ಹೋದರೆ ನೋಡಲು ಬರೀ ಎಲೆ.

ಫೋನ್ ಮಾಡಿ, ವೈನರಿ ಸುತ್ತಿ ವೈನ್ ರುಚಿ ನೋಡುವ ಟೂರ್ ಬುಕ್ ಮಾಡಿ. ಮದ್ಯ ಮಾರಾಟ ನಿಷೇಧದ ದಿನವೇ ಅಂತ ಅದೇ ಫೋನಲ್ಲಿ ಕೇಳಿಬಿಡಿ. ಗುರುತಿನ ಚೀಟಿ ಜೊತೆಗಿರಲಿ.

ಈಗ ಕಾರಿನ ವಿಷಯ. ಕುಡಿಯದವರು ಒಬ್ಬರು ಓಡಿಸಬೇಕು, ಇಲ್ಲಾಂದ್ರೆ ಹೋಗಿ ಬರುವುದಕ್ಕೆ ಒಂದೇ ಟ್ಯಾಕ್ಸಿ ಮಾತಾಡಿಕೊಳ್ಳಿ, ಯಾಕಂದ್ರೆ ಸಂಜೆ ಅಲ್ಲಿಂದ ಆ್ಯಪ್‌ನಲ್ಲಿ ಟ್ಯಾಕ್ಸಿ ಸಿಗುತ್ತೆ ಅಂತ ನಂಬಿ ಕೂರೋದು ಬೇಡ. 'ಒಂದೊಂದು ಗುಟುಕು ತಾನೆ' ಅನ್ನಬೇಡಿ. ಐದಾರು ಬಗೆಯ ವೈನ್ ಸೇರಿದರೆ ಜಾಸ್ತಿಯೇ ಆಗುತ್ತದೆ. 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ. ಆಲ್ಕೋಹಾಲ್ ದಾಟಿದರೆ ಅಪರಾಧ, ಮೊದಲ ಸಲವೇ 10,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು.

ಎಲ್ಲರೂ ಕೆಡಿಸಿಕೊಳ್ಳುವುದು ರುಚಿ ನೋಡುವ ಹೊತ್ತನ್ನು. ಹೊಟ್ಟೆ ತುಂಬ ತಿಂಡಿ ತಿಂದು ಹೋಗಿ, ಆದರೆ ಖಾರದ ಚಿಪ್ಸ್, ಪಾನ್, ಪುದೀನ ಚೂಯಿಂಗ್ ಗಮ್ ಬೇಡ. ಸೆಂಟ್ ಅಂತೂ ಬೇಡವೇ ಬೇಡ, ನಿಮ್ಮದಷ್ಟೇ ಅಲ್ಲ, ಪಕ್ಕದವರ ಗ್ಲಾಸಿನ ಪರಿಮಳವೂ ಹೋಗುತ್ತದೆ. ಗ್ಲಾಸಿನ ಕೆಳಗಿನ ತೆಳು ಕಾಲನ್ನು ಹಿಡಿಯಿರಿ, ಅಂಗೈ ಬಿಸಿಗೆ ತಣ್ಣಗಿನ ಬಿಳಿ ವೈನ್ ಬೆಚ್ಚಗಾಗಿ ರುಚಿ ಕೆಡುತ್ತದೆ. ಮೊದಲು ಸುಮ್ನೆ ಮೂಸಿ. ಆಮೇಲೆ ಗ್ಲಾಸ್ ಆಡಿಸಿ ಮತ್ತೆ ಮೂಸಿ, ಎರಡನೇ ಸಲ ಬೇರೆಯೇ ಪರಿಮಳ ಬರುತ್ತದೆ. ಸಣ್ಣ ಗುಟುಕು ಬಾಯಲ್ಲೆಲ್ಲ ಹರಿಸಿ. ಬೇಕಿದ್ದರೆ ಅಲ್ಲಿಟ್ಟ ಪಾತ್ರೆಗೆ ಉಗುಳಿ, ಅದಕ್ಕೇ ಅದನ್ನು ಇಟ್ಟಿರೋದು, ನಾಚಿಕೆ ಯಾಕೆ? ಒಂದೊಂದಕ್ಕೂ ನಡುವೆ ನೀರು ಕುಡಿಯಿರಿ. ಬಿಳಿ ಮೊದಲು, ಕೆಂಪು ಆಮೇಲೆ, ಸಿಹಿಯದ್ದು ಕೊನೆಗೆ. ಸಿಹಿ ಮೊದಲು ಕುಡಿದರೆ ಉಳಿದದ್ದೆಲ್ಲ ಹುಳಿ ಅನ್ನಿಸುತ್ತದೆ.

ಅಂಗಡಿಯಲ್ಲಿ ಸಿಗುವ ಅಗ್ಗದ ಸಿಹಿ 'ಪೋರ್ಟ್' ಕುಡಿದು ಅಭ್ಯಾಸವಾದವರಿಗೆ ಕೆಂಪು ವೈನ್ ಬಾಯಿಗಿಟ್ಟ ಕೂಡಲೇ 'ಇದೇನು ಒಗರು' ಅನ್ನಿಸುತ್ತದೆ. ಎಳೆ ಅಡಿಕೆ ಅಗಿದ ಹಾಗಿನ ಆ ಒಗರು ದ್ರಾಕ್ಷಿಯ ಸಿಪ್ಪೆ, ಬೀಜದಿಂದ ಬರೋದು. ಕೆಂಪು ವೈನನ್ನು ಸಿಪ್ಪೆ ಸಮೇತ ಹುದುಗಿಸುತ್ತಾರಲ್ಲ, ಹಾಗಾಗಿ. ಒಂದು ತುಂಡು ಚೀಸ್ ತಿಂದು ಮತ್ತೆ ಕುಡಿದು ನೋಡಿ, ಮೆತ್ತಗಾಗಿರುತ್ತದೆ.

ಬಾಟಲಿ ಕೊಳ್ಳುವುದಿದ್ದರೆ ಕೊನೆಗೆ, ಅಲ್ಲಿಂದ ಹೊರಡುವ ಹೊತ್ತಿಗೆ ಕೊಳ್ಳಿ. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡಿಕ್ಕಿಯಲ್ಲಿಟ್ಟು ಊಟಕ್ಕೆ ಕೂತರೆ ಒಳಗೆ ವೈನ್ ಬೆಂದಂತಾಗಿ ಕಾರ್ಕ್ ಮೇಲೇಳಬಹುದು. ಮನೆಯಲ್ಲಿ ಗ್ಯಾಸ್ ಒಲೆಯಿಂದ ದೂರ, ಕತ್ತಲಲ್ಲಿ ಮಲಗಿಸಿಡಿ. ತೆರೆದಿದ್ದನ್ನು ಮುಚ್ಚಿ ಫ್ರಿಡ್ಜ್‌ನಲ್ಲಿಟ್ಟು ಎರಡು ಮೂರು ದಿನದಲ್ಲಿ ಮುಗಿಸಿ.