ಹೊಲದಲ್ಲಿ ಗ್ಯಾಸ್ ಪೈಪ್‌ಲೈನ್: ಮಣ್ಣು, ಹಳ್ಳ ಉಳಿಸಿಕೊಳ್ಳುವುದು ಹೇಗೆ?

ಮಹಾರಾಷ್ಟ್ರದ ದಾಭೋಳ್‌ನಿಂದ ಬೆಂಗಳೂರಿಗೆ ಬರುವ, ಸರ್ಕಾರಿ ಗ್ಯಾಸ್ ಕಂಪನಿ ಗೇಲ್‌ನ ಪೈಪ್‌ಲೈನ್ 2013ರಲ್ಲಿ ಶುರುವಾಯಿತು. ಬೆಳಗಾವಿ, ಧಾರವಾಡ, ಗದಗ, ದಾವಣಗೆರೆ, ಚಿತ್ರದುರ್ಗ, ತುಮಕೂರು ಹೀಗೆ ಎಷ್ಟೋ ಹೊಲಗಳನ್ನು ಅದು ದಾಟಿದೆ. ನಾಳೆ ಇಂಥದ್ದೇ ಒಂದು ಪೈಪು ನಿಮ್ಮ ಜಮೀನಿಗೂ ಬರಬಹುದು. ಆಗ ಏನೇನು ನೋಡಬೇಕು?

ಮೊದಲು ನೋಟಿಸ್. 1962ರ ಪೈಪ್‌ಲೈನ್ ಕಾಯ್ದೆಯ ಪ್ರಕಾರ ಜಮೀನು ನಿಮ್ಮದಾಗಿಯೇ ಉಳಿಯುತ್ತದೆ, ಕಂಪನಿಗೆ ಸಿಗುವುದು ಬಳಕೆಯ ಹಕ್ಕು ಮಾತ್ರ. ಅಧಿಸೂಚನೆ ಬಂದ 21 ದಿನದೊಳಗೆ ಆಕ್ಷೇಪಣೆ ಸಲ್ಲಿಸಬಹುದು. ಬಾವಿ, ಬದು, ಮಳೆನೀರು ಹರಿಯುವ ದಾರಿ ಎಲ್ಲಿದೆ ಅಂತ ಹೇಳಲು ಇದೇ ಸರಿಯಾದ ಸಮಯ. ನಕ್ಷೆಯಲ್ಲಿ ಗೆರೆ ಎಳೆಯುವವರಿಗೆ ನಿಮ್ಮ ಹೊಲದ ನೀರು ಯಾವ ಮೂಲೆಗೆ ಹೋಗುತ್ತದೆ ಅಂತ ಗೊತ್ತಿರಲ್ಲ, ಅಲ್ವಾ? ಪಂಚನಾಮೆ ಬರೆಯುವಾಗ ಎದುರಿಗೇ ಇರಿ. ಗಿಡ, ಮರ, ಡ್ರಿಪ್ ಪೈಪು, ಬದು ಎಲ್ಲದರ ಫೋಟೊ ತೆಗೆದಿಡಿ. ಒಂದು ಸಲ ಮಣ್ಣು ಪರೀಕ್ಷೆ ಮಾಡಿಸಿಟ್ಟರೆ ಇನ್ನೂ ಒಳ್ಳೆಯದು.

ಇನ್ನು ಅಗೆತ. ಇಡೀ ಕೆಲಸದಲ್ಲಿ ನೀವು ಪಟ್ಟು ಹಿಡಿಯಬೇಕಾದ ಜಾಗ ಇದು. ಮೇಲಿನ ಒಂದಡಿ ಮಣ್ಣಿನಲ್ಲಿ ಗೊಬ್ಬರ, ಬೇರು, ಎರೆಹುಳು ಎಲ್ಲ ಇರುತ್ತದೆ. ಅದರ ಕೆಳಗೆ ಗರಸು, ಕೆಲವು ಕಡೆ ಸುಣ್ಣದ ಹರಳು. ಜೆಸಿಬಿ ಒಂದೇ ಏಟಿಗೆ ಆರಡಿ ತೋಡಿ ಎರಡನ್ನೂ ಒಂದೇ ಗುಡ್ಡೆಗೆ ಸುರಿದರೆ ಮುಗೀತು, ಆಮೇಲೆ ಬೇರ್ಪಡಿಸಲು ಆಗುವುದಿಲ್ಲ. ಅದಕ್ಕೇ ಮೊದಲು ಮೇಲ್ಮಣ್ಣನ್ನು ಕೆರೆದು ಒಂದು ಪಕ್ಕ ಹಾಕಿಸಿ, ಅಡಿಮಣ್ಣು ಇನ್ನೊಂದು ಪಕ್ಕ ಹೋಗಲಿ. ನಡುವೆ ಒಂದಿಷ್ಟು ಜಾಗ ಬಿಟ್ಟಿರಲಿ. ಮೇಲ್ಮಣ್ಣಿನ ಗುಡ್ಡೆಯ ಮೇಲೆ ಲಾರಿ ಓಡಬಾರದು. ಎರೆ ಹೊಲ, ಅಂದರೆ ಕಪ್ಪು ಮಣ್ಣಿನ ಹೊಲ, ಹಸಿಯಾಗಿದ್ದರೆ ಎರಡು ದಿನ ಕೆಲಸ ನಿಲ್ಲಿಸಲು ಹೇಳಿ. ಹಸಿ ಎರೆಯನ್ನು ಭಾರದ ಚಕ್ರ ತುಳಿದರೆ ಅದು ಹೆಂಚಿನ ಹಾಗೆ ಗಟ್ಟಿಯಾಗುತ್ತದೆ.

ಗುಂಡಿ ರಾತ್ರಿ ತೆರೆದೇ ಇದ್ದರೆ ದನ, ನಾಯಿ, ಮುಂಗುಸಿ ಬೀಳುತ್ತವೆ. ಅಲ್ಲಲ್ಲಿ ಇಳಿಜಾರು ಮಾಡಿಸಿ, ಬಿದ್ದದ್ದು ಹತ್ತಿ ಬರಲಿ. ಪೈಪು ಇಳಿಸುವ ಮುನ್ನ ಒಮ್ಮೆ ಒಳಗೆ ಇಣುಕಿ ನೋಡಿದರೆ ಸಾಕು.

ಹಳ್ಳ ದಾಟುವುದು ಬೇಸಿಗೆಯಲ್ಲೇ ಆಗಲಿ. ನೀರಿದ್ದರೆ ಅದನ್ನು ತಾತ್ಕಾಲಿಕ ಕೊಳವೆಯಲ್ಲಿ ಸಾಗಿಸಿ, ಒಣಗಿದ ಜಾಗದಲ್ಲಿ ಅಗೆಯಬೇಕು. ದೊಡ್ಡ ನದಿಗಳಲ್ಲಿ ತಳದ ಅಡಿಯಿಂದಲೇ ಅಡ್ಡ ಕೊರೆದು ಪೈಪು ಎಳೆಯುತ್ತಾರೆ. ಇದು ಸುಲಭ ಅಂದುಕೊಳ್ಳಬೇಡಿ. 2021ರ ಜನವರಿಯಲ್ಲಿ ಉದ್ಘಾಟನೆಯಾದ ಕೊಚ್ಚಿ–ಮಂಗಳೂರು ಪೈಪ್‌ಲೈನ್ ಕಾಸರಗೋಡಿನ ಚಂದ್ರಗಿರಿ ಹೊಳೆ ದಾಟಲು ತುಂಬಾ ಹೆಣಗಾಡಿತು. ಕೊರೆಯುವಾಗ ಬಳಸುವ ಬೆಂಟೊನೈಟ್ ಎಂಬ ಜೇಡಿಮಣ್ಣಿನ ಕೆಸರು ಬಿರುಕಿನಿಂದ ಉಕ್ಕಿ ಹೊಳೆ ಸೇರಬಹುದು. ನೀರು ಇದ್ದಕ್ಕಿದ್ದಂತೆ ಬೂದು ಬಣ್ಣಕ್ಕೆ ತಿರುಗಿದರೆ ತಕ್ಷಣ ತಿಳಿಸಿ.

ಜನ ಕೇಳಲು ಮರೆಯುವ ಒಂದು ವಿಷಯವಿದೆ. ಪೈಪು ಸೋರುತ್ತದಾ ಅಂತ ನೋಡಲು ಒಳಗೆ ನೀರು ತುಂಬಿ ಒತ್ತಡ ಹಾಕುತ್ತಾರೆ. 24 ಇಂಚಿನ ಪೈಪಿಗೆ ಕಿಲೋಮೀಟರಿಗೆ ಎರಡೂವರೆ ಲಕ್ಷ ಲೀಟರಿಗೂ ಜಾಸ್ತಿ ನೀರು ಬೇಕು. ಯಾವ ಕೆರೆಯಿಂದ ತರುತ್ತಾರೆ, ಆಮೇಲೆ ಎಲ್ಲಿ ಬಿಡುತ್ತಾರೆ ಅಂತ ಮೊದಲೇ ಕೇಳಿ. ತುಕ್ಕು, ರಾಸಾಯನಿಕ ಬೆರೆತ ನೀರನ್ನು ಸುಮ್ನೆ ಹೊಲಕ್ಕೋ ಹಳ್ಳಕ್ಕೋ ಬಿಡುವಂತಿಲ್ಲ, ಪರೀಕ್ಷೆ ಆಗಲೇಬೇಕು.

ಮುಚ್ಚುವಾಗ ಮೊದಲು ಅಡಿಮಣ್ಣು, ಕೊನೆಗೆ ಮೇಲ್ಮಣ್ಣು. ಕಾಯ್ದೆಯ ಪ್ರಕಾರ ಪೈಪು ಕನಿಷ್ಠ 1 ಮೀಟರ್ ಆಳದಲ್ಲಿರಬೇಕು. ಲಾರಿ ಓಡಿದ ಜಾಗವನ್ನು ಆಳವಾಗಿ ಉಳುಮೆ ಮಾಡಿಸಿ, ಆದರೆ ಪೈಪಿನ ಮೇಲಲ್ಲ. ಗುಂಡಿಯ ಮೇಲೆ ಮಣ್ಣು ಸ್ವಲ್ಪ ಉಬ್ಬಿರಲಿ, ಕುಸಿದಾಗ ಮಟ್ಟಸವಾಗುತ್ತದೆ. ಇಳಿಜಾರಿದ್ದರೆ ಗುಂಡಿಯೊಳಗೆ ಅಲ್ಲಲ್ಲಿ ಮರಳುಚೀಲದ ಅಡ್ಡಗಟ್ಟೆ ಹಾಕಿಸಿ. ಇಲ್ಲದಿದ್ದರೆ ಮಳೆನೀರು ಪೈಪಿನ ಗುಂಟ ಹರಿದು ಮಣ್ಣು ಕೊಚ್ಚುತ್ತದೆ. ಒಡೆದ ಬದುವನ್ನು ಹಳೆಯ ಎತ್ತರಕ್ಕೇ ಕಟ್ಟಿಸಿಕೊಳ್ಳಿ. ಪೈಪಿನ ಪಟ್ಟಿಯಲ್ಲಿ ಮುಂದೆ ಬೆಳೆ ತೆಗೆಯಬಹುದು, ಆದರೆ ಮರ ನೆಡುವುದು, ಬಾವಿ ತೋಡುವುದು, ಮನೆ ಕಟ್ಟುವುದು ಆಗುವುದಿಲ್ಲ.

ಎಲ್ಲ ಸರಿಹೋಗಿದೆ ಎಂಬ ಕಾಗದಕ್ಕೆ ಸಹಿ ಕೇಳಿಕೊಂಡು ಬರುತ್ತಾರೆ. ಒಂದು ಮುಂಗಾರು ಕಳೆಯಲಿ ಅನ್ನಿ. ಜೋರು ಮಳೆ ಬಿದ್ದ ಮರುದಿನ ಕೊಡೆ ಹಿಡಿದು ಪೈಪಿನ ಸಾಲಿನುದ್ದಕ್ಕೂ ನಡೆದು ಬನ್ನಿ. ಎಲ್ಲಿ ಕುಸಿದಿದೆ, ಎಲ್ಲಿ ನೀರು ನಿಂತಿದೆ, ಹಳೆಯ ಫೋಟೊ ಪಕ್ಕದಲ್ಲಿಟ್ಟು ನೋಡಿ. ಸಹಿ ಅದಾದ ಮೇಲೆ.