ಜಾಹೀರಾತಿಗೆ ದುಡ್ಡು ಸುರಿಯುವ ಮೊದಲು: ಸಣ್ಣ ಅಂಗಡಿಗೆ ಗಿರಾಕಿ ಬರುವ ದಾರಿ

ಊರಿನಲ್ಲಿ ಹೊಸ ಅಂಗಡಿ ತೆರೆದು ನಾಲ್ಕು ದಿನ ಕಳೆಯುವುದರೊಳಗೆ ಫೋನ್ ಬರಲು ಶುರುವಾಗುತ್ತದೆ. ‘ನಿಮ್ಮ ಅಂಗಡಿಯನ್ನು ಗೂಗಲ್‌ನಲ್ಲಿ ಮೊದಲ ಸ್ಥಾನಕ್ಕೆ ತರುತ್ತೇವೆ, ತಿಂಗಳಿಗೆ ಇಷ್ಟು ಕೊಟ್ಟರೆ ಸಾಕು’ ಎಂದು ಒಬ್ಬರು, ‘ದಿನಕ್ಕೊಂದು ರೀಲ್ಸ್ ಮಾಡಿಕೊಡುತ್ತೇವೆ’ ಎಂದು ಮತ್ತೊಬ್ಬರು. ವ್ಯಾಪಾರ ಕುದುರದ ಆತಂಕದಲ್ಲಿರುವವರು ಹೂಂ ಎಂದುಬಿಡುತ್ತಾರೆ. ಮಾರ್ಕೆಟಿಂಗ್ ಏಜೆನ್ಸಿಗಳು ಬೇಡವೇ ಬೇಡ ಎಂದು ನಾನು ಹೇಳುವುದಿಲ್ಲ. ಆದರೆ ಅವರ ಸರದಿ ಬರುವುದು ಕೊನೆಗೆ. ಅದಕ್ಕೂ ಮೊದಲು ಮಾಲೀಕರೇ ಕುಳಿತು ಮಾಡಿ ಮುಗಿಸಬೇಕಾದ ಕೆಲಸಗಳಿವೆ, ಅವುಗಳಲ್ಲಿ ಹೆಚ್ಚಿನವಕ್ಕೆ ಖರ್ಚೇ ಇಲ್ಲ.

ಬರೀ ಉಪದೇಶವಾಗದಿರಲೆಂದು ಒಂದು ಅಂಗಡಿಯನ್ನು ಕಣ್ಣ ಮುಂದೆ ಇಟ್ಟುಕೊಳ್ಳೋಣ. ಮರದ ಗಾಣದ ಎಣ್ಣೆ ಅಂಗಡಿ ಎನ್ನಿ. ಮೈಸೂರು, ತುಮಕೂರು, ದಾವಣಗೆರೆ, ಹುಬ್ಬಳ್ಳಿಯ ಬಡಾವಣೆಗಳಲ್ಲಿ ಈಚಿನ ವರ್ಷಗಳಲ್ಲಿ ಇಂಥವು ಬಹಳ ತಲೆಯೆತ್ತಿವೆ. ಎತ್ತಿನ ಜಾಗಕ್ಕೆ ಮೋಟಾರು ಬಂದಿದೆ, ಉಳಿದದ್ದು ಹಳೆಯ ಕ್ರಮವೇ. ಬೇಕರಿ, ಟೈಲರಿಂಗ್, ಮೊಬೈಲ್ ರಿಪೇರಿ ಇಟ್ಟುಕೊಂಡವರು ಎಣ್ಣೆ ಎಂದಿರುವಲ್ಲೆಲ್ಲ ತಮ್ಮ ಸರಕಿನ ಹೆಸರು ಹಾಕಿಕೊಂಡು ಓದಬಹುದು.

ಮೊದಲ ತಿಂಗಳು ನೋಟ್‌ಪುಸ್ತಕದ್ದು

ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಇನ್ನೂರು ಪುಟದ ಒಂದು ನೋಟ್‌ಪುಸ್ತಕ ಇಡಿ. ಬಂದವರು ಏನು ಕೊಂಡರು, ಎಷ್ಟು ಕೊಂಡರು, ಯಾವ ಬಡಾವಣೆಯವರು, ಅಂಗಡಿಯ ವಿಷಯ ಹೇಗೆ ತಿಳಿಯಿತು ಎಂಬ ನಾಲ್ಕು ಅಂಕಣ ಸಾಕು. ಕೊನೆಯದನ್ನು ಬಾಯಿಬಿಟ್ಟು ಕೇಳಲೇಬೇಕು. ಚಿಲ್ಲರೆ ಎಣಿಸುತ್ತ ‘ನಮ್ಮ ಅಂಗಡಿ ಹೇಗೆ ಗೊತ್ತಾಯಿತು?’ ಎಂದರೆ ಯಾರೂ ತಪ್ಪು ತಿಳಿಯುವುದಿಲ್ಲ, ಕೇಳಿದರೆಂದು ಖುಷಿಪಡುವವರೇ ಹೆಚ್ಚು.

ತಿಂಗಳು ತುಂಬಿದ ಮೇಲೆ ಪುಟ ತಿರುವಿದರೆ ‘ನಮ್ಮ ಗಿರಾಕಿ’ ಎಂದುಕೊಂಡಿದ್ದವರು ಒಂದೇ ಗುಂಪಿನವರಲ್ಲ ಎಂಬುದು ಕಾಣುತ್ತದೆ. ಅಡುಗೆಗೆ ಕಡಲೆಕಾಯಿ ಎಣ್ಣೆ ಒಯ್ಯುವ ನಡುವಯಸ್ಸಿನವರು ಒಂದು ಬಗೆ. ಮಗುವಿನ ಮೈಗೆ ಹಚ್ಚಲು ಕೊಬ್ಬರಿ ಎಣ್ಣೆ ಹುಡುಕಿಕೊಂಡು ಬರುವ ಬಾಣಂತಿಯ ಮನೆಯವರು ಇನ್ನೊಂದು ಬಗೆ. ದೇವರ ದೀಪಕ್ಕೆಂದು ಎಳ್ಳೆಣ್ಣೆ ಕೊಳ್ಳುವವರು ಬೇರೆ. ಇವರ ಜತೆಗೆ, ಯಾರೂ ಜಾಹೀರಾತಿನಲ್ಲಿ ನೆನೆಯದ ಇನ್ನೊಬ್ಬರಿದ್ದಾರೆ: ಹಿಂಡಿ ಕೊಳ್ಳುವ ಹಸು ಸಾಕಿದವರು. ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿ ಬೇಗ ಮಾರಿ ಹೋಗದಿದ್ದರೆ ಗಾಣದ ಲೆಕ್ಕವೇ ಕೂಡುವುದಿಲ್ಲ. ಹಾಲಿನ ಡೇರಿಯ ಎದುರು ಅಂಟಿಸಿದ ಒಂದು ಚೀಟಿ ಇವರನ್ನು ತಲುಪುತ್ತದೆ, ಇನ್‌ಸ್ಟಾಗ್ರಾಂ ತಲುಪುವುದಿಲ್ಲ. ಬಾಣಂತಿಯ ಮನೆಯವರ ವಿಷಯದಲ್ಲಿ ಇದು ತಿರುವುಮುರುವು.

ಒಬ್ಬ ಗಿರಾಕಿಯ ಬೆಲೆ ಎಷ್ಟು

ಈ ಲೆಕ್ಕ ಮಾಡದೆ ಒಂದು ರೂಪಾಯಿಯನ್ನೂ ಜಾಹೀರಾತಿಗೆ ಕೊಡಬೇಡಿ. ಲೀಟರಿಗೆ ಎಲ್ಲ ಖರ್ಚು ಕಳೆದು 50 ರೂಪಾಯಿ ಉಳಿಯುತ್ತದೆ ಎಂದುಕೊಳ್ಳಿ. ನಾಲ್ಕು ಜನರ ಮನೆಗೆ ತಿಂಗಳಿಗೆ 3 ಲೀಟರ್. ಅಂದರೆ ತಿಂಗಳಿಗೆ 150, ವರ್ಷಕ್ಕೆ 1,800 ರೂಪಾಯಿ. ಒಮ್ಮೆ ಮಾತ್ರ ಬಂದು ಒಂದು ಲೀಟರ್ ಒಯ್ದವರಿಂದ ಬರುವುದು ಬರೀ 50.

ಈಗ ದಿನಪತ್ರಿಕೆಯೊಳಗೆ ಇಟ್ಟು ಹಂಚಲು 5,000 ಕರಪತ್ರ ಮಾಡಿಸಿದಿರಿ. ಮುದ್ರಣ, ಹಂಚಿಕೆ ಸೇರಿ 8,000 ರೂಪಾಯಿ ಆಯಿತೆನ್ನೋಣ. ಅದನ್ನು ನೋಡಿ 40 ಜನ ಬಂದರು, 10 ಜನ ಕಾಯಂ ಆದರು. ಆ ಹತ್ತು ಮನೆಗಳಿಂದ ವರ್ಷಕ್ಕೆ 18,000, ಉಳಿದ ಮೂವತ್ತು ಜನರಿಂದ 1,500. ಖರ್ಚು ಎರಡು ಪಟ್ಟಿಗಿಂತ ಹೆಚ್ಚಾಗಿ ಮರಳಿತು. ಅದೇ ನಲವತ್ತರಲ್ಲಿ 4 ಜನ ಮಾತ್ರ ಉಳಿದರೆ? 7,200ಕ್ಕೆ 1,800 ಸೇರಿ 9,000. ವರ್ಷವಿಡೀ ದುಡಿದು ಕರಪತ್ರದ ದುಡ್ಡಿಗೆ ಸಾವಿರ ಸೇರಿಸಿದಂತಾಯಿತು. ಕರಪತ್ರ ಒಂದೇ, ಬಂದವರ ಸಂಖ್ಯೆಯೂ ಒಂದೇ. ವ್ಯತ್ಯಾಸ ಆದದ್ದು ಅಂಗಡಿಯೊಳಗೆ. ಜಾಹೀರಾತಿನ ಕೆಲಸ ಹೊಸ್ತಿಲ ತನಕ, ಆಮೇಲಿನದು ಮಾಲೀಕರದು. ಹೊಸಬರನ್ನು ಕರೆಯುವ ಮೊದಲು, ಒಮ್ಮೆ ಬಂದವರು ಎರಡನೆಯ ಸಲ ಏಕೆ ಬರಲಿಲ್ಲ ಎಂಬುದನ್ನು ತಿಳಿಯುವುದೇ ಅಗ್ಗದ ಮಾರ್ಕೆಟಿಂಗ್.

ಗಾಣದ ಎಣ್ಣೆಯ ವಿಷಯದಲ್ಲಿ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಬೆಲೆ. ‘ಪ್ಯಾಕೆಟ್ ಎಣ್ಣೆ ಇಷ್ಟಕ್ಕೆ ಸಿಗುವಾಗ ನಿಮ್ಮದೇಕೆ ಇಷ್ಟು?’ ಎಂಬ ಪ್ರಶ್ನೆ ದಿನವೂ ಬರುತ್ತದೆ. ಅದಕ್ಕೆ ಸಿಡಿಮಿಡಿಗೊಳ್ಳುವ ಬದಲು ಉತ್ತರವನ್ನು ಗೋಡೆಯ ಮೇಲೆ ಬರೆಸಿ: ಒಂದು ಲೀಟರ್ ಎಣ್ಣೆಗೆ ಸುಮಾರು ಎರಡೂವರೆ ಕಿಲೋ ಕಡಲೆಬೀಜ ಬೇಕು, ಬೀಜದ ಇಂದಿನ ದರ ಇಷ್ಟು. ದರದ ಜಾಗದಲ್ಲಿ ಸೀಮೆಸುಣ್ಣದಲ್ಲಿ ದಿನದ ಅಂಕಿ ಬರೆಯಲು ಒಂದು ಕರಿಹಲಗೆ ಇರಲಿ. ತಳದಲ್ಲಿ ಕೂರುವ ಮಡ್ಡಿ ಕಲಬೆರಕೆಯಲ್ಲ ಎಂಬುದನ್ನೂ, ಲೀಟರ್ ಎಣ್ಣೆಯ ತೂಕ ಒಂದು ಕಿಲೋಗಿಂತ ಕಡಿಮೆ, ಸುಮಾರು 910 ಗ್ರಾಂ ಎಂಬುದನ್ನೂ ಅಲ್ಲೇ ಬರೆಸಿದರೆ ಅರ್ಧ ಜಗಳ ಇಲ್ಲವಾಗುತ್ತದೆ.

ಹೇಳಬಾರದ ಮಾತುಗಳು

ಉತ್ಸಾಹದಲ್ಲಿ ಕೆಲವರು ‘ಸಕ್ಕರೆ ಕಾಯಿಲೆ ವಾಸಿಯಾಗುತ್ತದೆ’, ‘ಹೃದ್ರೋಗ ಗುಣವಾಗುತ್ತದೆ’ ಎಂದೆಲ್ಲ ಕರಪತ್ರದಲ್ಲಿ ಅಚ್ಚು ಹಾಕಿಸುತ್ತಾರೆ. ಇದು ಬರೀ ಉತ್ಪ್ರೇಕ್ಷೆಯಲ್ಲ, ಅಪರಾಧ. ಇಂಥ ಕಾಯಿಲೆಗಳನ್ನು ಗುಣಪಡಿಸುವ ಭರವಸೆಯ ಜಾಹೀರಾತನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ನಿಷೇಧಿಸುತ್ತದೆ. ಆಹಾರದ ಬಗ್ಗೆ ದಾರಿ ತಪ್ಪಿಸುವ ಜಾಹೀರಾತಿಗೆ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿವರೆಗೆ ದಂಡವಿದೆ. ‘ಕೊಲೆಸ್ಟ್ರಾಲ್ ಇಲ್ಲದ ಎಣ್ಣೆ’ ಎಂದು ದೊಡ್ಡದಾಗಿ ಬರೆಯುವುದರಲ್ಲೂ ಹುರುಳಿಲ್ಲ, ಬೀಜದಿಂದ ತೆಗೆದ ಯಾವ ಎಣ್ಣೆಯಲ್ಲೂ ಅದು ಇರುವುದಿಲ್ಲ. ಬಾಟಲಿಯ ಲೇಬಲ್‌ನಲ್ಲಿ ಎಫ್‌ಎಸ್‌ಎಸ್‌ಎಐನ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) 14 ಅಂಕಿಯ ನೋಂದಣಿ ಅಥವಾ ಪರವಾನಗಿ ಸಂಖ್ಯೆ, ತಯಾರಕರ ವಿಳಾಸ, ನಿವ್ವಳ ಪ್ರಮಾಣ, ತಯಾರಾದ ತಿಂಗಳು, ಎಂಆರ್‌ಪಿ, ದೂರು ಹೇಳಲು ಫೋನ್ ಸಂಖ್ಯೆ ಸರಿಯಾಗಿದ್ದರೆ ಅದೇ ದೊಡ್ಡ ಜಾಹೀರಾತು. ಓದಿ ಕೊಳ್ಳುವವರ ಸಂಖ್ಯೆ ಹೆಚ್ಚುತ್ತಿದೆ.

ನಾಮಫಲಕ ಮತ್ತು ನಕ್ಷೆ

ನಾಮಫಲಕದ ಬಗ್ಗೆ ಎರಡೇ ಮಾತು. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯ 2024ರ ತಿದ್ದುಪಡಿಯ ಪ್ರಕಾರ ಫಲಕದ ಶೇ 60ರಷ್ಟು ಭಾಗ ಕನ್ನಡದಲ್ಲಿರಬೇಕು, ಅದೂ ಮೇಲ್ಭಾಗದಲ್ಲಿ. ಫ್ಲೆಕ್ಸ್ ಮೇಲೆ ರಾಜ್ಯದಲ್ಲಿ 2016ರಿಂದಲೇ ನಿಷೇಧವಿದೆ, ಹಾಗಾಗಿ ಬಟ್ಟೆಯ ಬ್ಯಾನರ್ ಅಥವಾ ಬಣ್ಣದಲ್ಲಿ ಬರೆಸಿದ ಫಲಕ ಮಾಡಿಸಿ. ನೋಡಲೂ ಅದೇ ಚೆಂದ.

ಇನ್ನೊಂದು ಫಲಕ ಇರುವುದು ಮೊಬೈಲ್‌ನಲ್ಲಿ. ಗೂಗಲ್ ಬಿಸಿನೆಸ್ ಪ್ರೊಫೈಲ್ ಎಂಬುದು ಪೂರ್ತಿ ಉಚಿತ. ಅಂಗಡಿಯನ್ನು ನಕ್ಷೆಗೆ ಸೇರಿಸಿ, ಗೂಗಲ್ ಕೇಳಿದಂತೆ ಫೋನ್ ಅಥವಾ ವಿಡಿಯೊ ಮೂಲಕ ದೃಢೀಕರಿಸಿದರೆ ಮುಗಿಯಿತು. ಫಲಕದ ಮೇಲಿರುವ ಹೆಸರನ್ನೇ ಹಾಕಿ. ಹೆಸರಿಗೆ ‘ಊರಿನ ನಂಬರ್ ಒನ್ ಶುದ್ಧ ಎಣ್ಣೆ’ ಎಂದು ಬಾಲ ಅಂಟಿಸಿದರೆ ನಿಯಮ ಮೀರಿದಂತಾಗುತ್ತದೆ, ಪ್ರೊಫೈಲ್ ಅಮಾನತಾಗಲೂಬಹುದು. ವಾರದ ರಜೆ ಯಾವತ್ತು, ಮಧ್ಯಾಹ್ನ ಬಾಗಿಲು ಹಾಕುತ್ತೀರಾ ಎಂಬುದನ್ನು ಸರಿಯಾಗಿ ತುಂಬಿ. ‘ತೆರೆದಿದೆ’ ಎಂದು ನೋಡಿ ಬಿಸಿಲಲ್ಲಿ ಬಂದವರು ಬೀಗ ಕಂಡರೆ ಮತ್ತೆ ಈ ಕಡೆ ತಲೆ ಹಾಕುವುದಿಲ್ಲ. ಗಾಣ ತಿರುಗುತ್ತಿರುವುದು, ಬೀಜದ ಮೂಟೆ, ಅಂಗಡಿಯ ಮುಂಭಾಗ, ಹತ್ತಿರದ ಗುರುತಿನ ಜಾಗ, ಇಷ್ಟರ ಫೋಟೊ ನೀವೇ ತೆಗೆದು ಹಾಕಿ.

ಸ್ಥಳೀಯ ಹುಡುಕಾಟದಲ್ಲಿ ಯಾರನ್ನು ಮೇಲೆ ತೋರಿಸಬೇಕೆಂದು ಗೂಗಲ್ ಮುಖ್ಯವಾಗಿ ಮೂರು ಸಂಗತಿ ನೋಡುತ್ತದೆ: ಹುಡುಕಿದ ಮಾತಿಗೂ ಅಂಗಡಿಗೂ ಇರುವ ಸಂಬಂಧ, ಹುಡುಕಿದವರಿಂದ ಇರುವ ದೂರ, ಅಂಗಡಿ ಎಷ್ಟು ಹೆಸರುವಾಸಿ ಎಂಬುದು. ದುಡ್ಡು ಕೊಟ್ಟು ಈ ಸ್ಥಾನ ಕೊಳ್ಳಲಾಗದು ಎಂದು ಕಂಪನಿಯೇ ಹೇಳುತ್ತದೆ. ಫೋನಿನಲ್ಲಿ ಮೊದಲ ಸ್ಥಾನದ ಖಾತರಿ ಕೊಡುವವರಿಗೆ ಇದೊಂದು ಮಾತು ಸಾಕು. ವಿಮರ್ಶೆ ಬರೆಯಿರೆಂದು ಗಿರಾಕಿಗಳನ್ನು ಕೇಳಬಹುದು, ಬರೆದರೆ ರಿಯಾಯಿತಿ ಕೊಡುತ್ತೇನೆ ಎನ್ನುವಂತಿಲ್ಲ. ಯಾರಾದರೂ ಒಂದೇ ನಕ್ಷತ್ರ ಕೊಟ್ಟು ಬೈದರೆ ಮರುದಿನ ಬೆಳಿಗ್ಗೆ, ಸಿಟ್ಟು ಇಳಿದ ಮೇಲೆ, ಎರಡು ಸಾಲಿನಲ್ಲಿ ಉತ್ತರಿಸಿ. ಮುಂದಿನ ಗಿರಾಕಿ ಓದುವುದು ನಿಮ್ಮ ಉತ್ತರವನ್ನು.

ವಾಟ್ಸ್ಆ್ಯಪ್: ಗುಂಪು ಬೇಡ, ಪಟ್ಟಿ ಇರಲಿ

2018ರಲ್ಲಿ ಬಂದ ವಾಟ್ಸ್ಆ್ಯಪ್ ಬಿಸಿನೆಸ್ ಆ್ಯಪ್ ಸಣ್ಣ ಅಂಗಡಿಗೆಂದೇ ಮಾಡಿದ್ದು. ಸರಕಿನ ಪಟ್ಟಿ ಬೆಲೆಯೊಂದಿಗೆ ಹಾಕಬಹುದು, ಗಿರಾಕಿಗಳಿಗೆ ಬಣ್ಣದ ಗುರುತು ಹಚ್ಚಬಹುದು. ಹೆಚ್ಚಿನವರು ಮಾಡುವ ತಪ್ಪೆಂದರೆ ಸಿಕ್ಕಿದ ಸಂಖ್ಯೆಗಳನ್ನೆಲ್ಲ ಒಂದು ಗುಂಪಿಗೆ ತುಂಬುವುದು. ಗುಂಪಿನಲ್ಲಿ ಒಬ್ಬರ ಸಂಖ್ಯೆ ಇನ್ನೊಬ್ಬರಿಗೆ ಕಾಣುತ್ತದೆ, ಅದು ಹೆಣ್ಣುಮಕ್ಕಳಿಗೆ ಕಿರಿಕಿರಿ. ಮೇಲಾಗಿ ಮೂರನೆಯ ದಿನಕ್ಕೆ ಅಲ್ಲಿ ಶುಭೋದಯದ ಹೂಗಳು ಅರಳತೊಡಗುತ್ತವೆ. ಬದಲಿಗೆ ಬ್ರಾಡ್‌ಕಾಸ್ಟ್ ಪಟ್ಟಿ ಬಳಸಿ. ಒಂದು ಪಟ್ಟಿಗೆ 256 ಜನರವರೆಗೆ ಸೇರಿಸಬಹುದು, ಸಂದೇಶ ಪ್ರತಿಯೊಬ್ಬರಿಗೂ ಪ್ರತ್ಯೇಕವಾಗಿ ಹೋಗುತ್ತದೆ. ಆದರೆ ನಿಮ್ಮ ಸಂಖ್ಯೆಯನ್ನು ಉಳಿಸಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಹಾಗಾಗಿ ಕೌಂಟರಿನಲ್ಲೇ ‘ಹೊಸ ಎಣ್ಣೆ ಬಂದಾಗ ತಿಳಿಸಲೇ?’ ಎಂದು ಕೇಳಿ, ಒಪ್ಪಿದವರಿಂದ ಸಂಖ್ಯೆ ಪಡೆದು, ನಿಮ್ಮದನ್ನೂ ಅಲ್ಲೇ ಉಳಿಸಿಕೊಳ್ಳಲು ಹೇಳಿ.

ಮೊದಲ ಸಲ ಬಂದವರಿಗೆ ಒಂದು ಗುರುತು ಹಚ್ಚಿಡಿ. ಎರಡು ಲೀಟರ್ ಒಯ್ದ ಮನೆಯಲ್ಲಿ ಎಣ್ಣೆ ಮುಗಿಯುವುದು ಸುಮಾರು ಮೂರನೆಯ ವಾರದಲ್ಲಿ. ಆಗ ‘ಎಣ್ಣೆ ಹೇಗಿತ್ತು? ಈ ಶನಿವಾರ ಹೊಸ ಎಣ್ಣೆ ತೆಗೆಯುತ್ತಿದ್ದೇವೆ’ ಎಂಬ ಸಂದೇಶ ಹೋಗಲಿ. ಹಿಂದಿನ ಲೆಕ್ಕದ ನಾಲ್ಕು ಹತ್ತಾಗುವುದು ಇಂಥ ಕೆಲಸದಿಂದ. ತಿಂಗಳಿಗೆ ಎರಡು ಸಂದೇಶಕ್ಕಿಂತ ಹೆಚ್ಚು ಕಳುಹಿಸುವ ಅಂಗಡಿಯನ್ನು ನಾನಂತೂ ಬ್ಲಾಕ್ ಮಾಡುತ್ತೇನೆ.

ಪಂಚಾಂಗವೇ ಯೋಜನೆ

ವರ್ಷದ ಮಾರ್ಕೆಟಿಂಗ್ ಯೋಜನೆ ಎಂದೊಡನೆ ಚಾರ್ಟು, ಕಂಪ್ಯೂಟರು ಎಂದು ಹೆದರಬೇಕಿಲ್ಲ. ಗೋಡೆಯ ಕ್ಯಾಲೆಂಡರ್ ಸಾಕು. ಎಣ್ಣೆಯ ಅಂಗಡಿಗಂತೂ ಹಬ್ಬಗಳೇ ದಾರಿ ತೋರಿಸುತ್ತವೆ. ಯುಗಾದಿಗೆ ಮತ್ತು ನರಕ ಚತುರ್ದಶಿಗೆ ಎಣ್ಣೆಸ್ನಾನ, ಬೇಸಿಗೆಯಲ್ಲಿ ಮಾವಿನ ಉಪ್ಪಿನಕಾಯಿ, ಕಾರ್ತಿಕ ಮಾಸವಿಡೀ ದೀಪ. ಪ್ರತಿಯೊಂದಕ್ಕೂ ಹದಿನೈದು ದಿನ ಮೊದಲು ಏನು ತಯಾರಿರಬೇಕು, ಯಾರಿಗೆ ತಿಳಿಸಬೇಕು ಎಂದು ಆ ತಿಂಗಳ ಹಾಳೆಯಲ್ಲೇ ಬರೆದಿಡಿ. ಎಣ್ಣೆಸ್ನಾನಕ್ಕೆ 100 ಮಿಲಿಲೀಟರಿನ ಸಣ್ಣ ಬಾಟಲಿ ಮಾಡಿದರೆ, ಲೀಟರ್ ಕೊಳ್ಳಲು ಹಿಂಜರಿಯುವವರೂ ಒಮ್ಮೆ ನೋಡೋಣವೆಂದು ಒಯ್ಯುತ್ತಾರೆ. ಆಷಾಢದಲ್ಲಿ ಮದುವೆ ಮುಂಜಿ ಇಲ್ಲ, ವ್ಯಾಪಾರ ಮಂದ. ಆಗ ಜಾಹೀರಾತು ಕೊಟ್ಟು ಪ್ರವಾಹದ ವಿರುದ್ಧ ಈಜುವ ಬದಲು ಗಾಣದ ರಿಪೇರಿ, ಲೇಬಲ್, ಫೋಟೊ ಕೆಲಸ ಮುಗಿಸಿ.

ಒಂದು ಇಕ್ಕಟ್ಟನ್ನು ಮೊದಲೇ ಗುರುತಿಸಿಕೊಳ್ಳಬೇಕು. ಮುಂಗಾರಿನ ಕಡಲೆಕಾಯಿ ಕಿತ್ತು ಚಳ್ಳಕೆರೆಯಂಥ ಮಾರುಕಟ್ಟೆಗೆ ಬರುವುದು ಅಕ್ಟೋಬರ್, ನವೆಂಬರ್ ಹೊತ್ತಿಗೆ. ಬೀಜ ಕೊಂಡಿಡಲು ಕೈಯಲ್ಲಿ ದುಡ್ಡು ಬೇಕಾಗುವುದೂ ಆಗಲೇ, ದೀಪಾವಳಿ, ಕಾರ್ತಿಕದ ಪ್ರಚಾರಕ್ಕೆ ಬೇಕಾಗುವುದೂ ಆಗಲೇ. ಪ್ರಚಾರದ ಹಣವನ್ನು ಶ್ರಾವಣದಿಂದಲೇ ವಾರವಾರ ಬೇರೆ ಖಾತೆಗೆ ಹಾಕುತ್ತ ಬನ್ನಿ. ಮಾರಾಟದ ನೂರಕ್ಕೆ ಎರಡು ಮೂರು ರೂಪಾಯಿ ಎತ್ತಿಟ್ಟರೆ ಸಣ್ಣ ಅಂಗಡಿಗೆ ಧಾರಾಳ ಎಂಬುದು ನನ್ನ ಅಂದಾಜು.

ಹಣ ಕೊಟ್ಟು ಪ್ರಚಾರ ಮಾಡುವಾಗ ಒಂದು ಸಲಕ್ಕೆ ಒಂದನ್ನೇ ಪ್ರಯತ್ನಿಸಿ. ಕರಪತ್ರ, ಆಟೊ ಪ್ರಚಾರ, ಕೇಬಲ್ ಟಿವಿಯ ಪಟ್ಟಿ, ಫೇಸ್‌ಬುಕ್ ಜಾಹೀರಾತು ನಾಲ್ಕನ್ನೂ ಒಂದೇ ವಾರ ಮಾಡಿದರೆ ಯಾವುದು ಕೆಲಸ ಮಾಡಿತೆಂದು ದೇವರಿಗೂ ಗೊತ್ತಾಗದು. ಫೇಸ್‌ಬುಕ್‌ನಲ್ಲಿ ಅಂಗಡಿಯ ಸುತ್ತಲಿನ ಕೆಲವು ಕಿಲೋಮೀಟರ್ ಮಾತ್ರ ಆರಿಸಿಕೊಳ್ಳಬಹುದು. ಅದನ್ನು ಮಾಡದೆ, ಹಣ ಕೊಟ್ಟು ಪೋಸ್ಟ್ ಹರಡುವ ‘ಬೂಸ್ಟ್’ ಗುಂಡಿ ಒತ್ತಿದರೆ ಎಂದೂ ಈ ಊರಿಗೆ ಬಾರದವರಿಂದ ಲೈಕ್ ಬರುತ್ತದೆ.

ಈಗ ಏಜೆನ್ಸಿಯ ಸರದಿ

ಇಷ್ಟಾದ ಮೇಲೆ ಹೊರಗಿನವರ ನೆರವು ಬೇಕೆನಿಸಿದರೆ, ಯಾವ ಕೆಲಸಕ್ಕೆ ಎಂದು ನಿಮಗೇ ಸ್ಪಷ್ಟವಿರುತ್ತದೆ: ಲೇಬಲ್ ವಿನ್ಯಾಸಕ್ಕೋ, ವಿಡಿಯೊಗೋ, ಜಾಹೀರಾತು ನಡೆಸುವುದಕ್ಕೋ. ಎಲ್ಲವನ್ನೂ ಒಬ್ಬರಿಗೇ ವರ್ಷದ ಗುತ್ತಿಗೆಗೆ ಕೊಡಬೇಡಿ, ಮೂರು ತಿಂಗಳು ಸಾಕು. ಅವರ ಸಂಬಳ ಬೇರೆ, ಗೂಗಲ್‌ಗೋ ಫೇಸ್‌ಬುಕ್‌ಗೋ ಹೋಗುವ ಹಣ ಬೇರೆ ಎಂದು ಕಾಗದದಲ್ಲಿ ಬರೆಸಿಕೊಳ್ಳಿ. ಎರಡನೆಯದು ನಿಮ್ಮದೇ ಖಾತೆಯಿಂದ ಕಟ್ಟುವಂತಿರಲಿ. ಈ ಸೇವೆಗಳ ಮೇಲೆ ಶೇ 18 ಜಿಎಸ್‌ಟಿ ಬೀಳುತ್ತದೆ. ನೋಂದಣಿ ಇಲ್ಲದವರಿಗೆ, ಕಾಂಪೊಸಿಷನ್ ಯೋಜನೆಯಲ್ಲಿ (ಸಣ್ಣ ವ್ಯಾಪಾರಿಗಳು ಮಾರಾಟದ ಮೇಲೆ ಕಡಿಮೆ ದರದಲ್ಲಿ ತೆರಿಗೆ ಕಟ್ಟುವ ವ್ಯವಸ್ಥೆ) ಇರುವವರಿಗೆ ಅದು ಮರಳಿ ಸಿಗುವುದಿಲ್ಲ, ಲೆಕ್ಕದಲ್ಲಿ ಸೇರಿಸಿಕೊಳ್ಳಿ.

ತಿಂಗಳ ವರದಿಯಲ್ಲಿ ಎಷ್ಟು ಲೈಕ್, ಎಷ್ಟು ವೀಕ್ಷಣೆ ಎಂದು ತುಂಬಿಸಿ ಕೊಡುತ್ತಾರೆ. ಎಷ್ಟು ಜನ ಫೋನ್ ಮಾಡಿದರು, ಎಷ್ಟು ಜನ ದಾರಿ ಕೇಳಿದರು ಎಂದು ಕೇಳಿ. ಗೂಗಲ್ ಪ್ರೊಫೈಲ್‌ನಲ್ಲಿ ಈ ಎರಡೂ ಅಂಕಿ ಸಿಗುತ್ತವೆ, ನೋಟ್‌ಪುಸ್ತಕದ ನಾಲ್ಕನೆಯ ಅಂಕಣದೊಂದಿಗೆ ತಾಳೆ ನೋಡಬಹುದು. ಸಾವಿರಾರು ಹಿಂಬಾಲಕರಿರುವ ರೀಲ್ಸ್ ತಾರೆಯನ್ನು ಕರೆಸುವುದಾದರೆ ಆ ಹಿಂಬಾಲಕರು ಯಾವ ಊರಿನವರು ಎಂಬ ಅಂಕಿಯನ್ನು ಮೊದಲು ತೋರಿಸಲು ಹೇಳಿ. ಬೆಂಗಳೂರಿನ ಲಕ್ಷ ಜನ ನೋಡಿದರೆ ದಾವಣಗೆರೆಯ ಅಂಗಡಿಯಲ್ಲಿ ಒಂದು ಬಾಟಲಿಯೂ ಅಲುಗುವುದಿಲ್ಲ. ದುಡ್ಡು ಪಡೆದು ಮಾಡಿದ ವಿಡಿಯೊ ಎಂದು ಅದರಲ್ಲಿ ತಿಳಿಸುವುದು ಕಡ್ಡಾಯ, ಅದನ್ನು ಬಿಡಿಸಬೇಡಿ.

ಎಲ್ಲಕ್ಕಿಂತ ಮುಖ್ಯವಾದದ್ದು ಒಡೆತನ. ಗೂಗಲ್ ಪ್ರೊಫೈಲ್, ಫೇಸ್‌ಬುಕ್ ಪುಟ, ವೆಬ್‌ಸೈಟ್‌ನ ಹೆಸರು, ಎಲ್ಲವೂ ನಿಮ್ಮ ಇಮೇಲ್ ಮತ್ತು ನಿಮ್ಮ ಮೊಬೈಲ್ ಸಂಖ್ಯೆಯಲ್ಲೇ ಆಗಬೇಕು. ಏಜೆನ್ಸಿಯವರನ್ನು ವ್ಯವಸ್ಥಾಪಕರಾಗಿ ಮಾತ್ರ ಸೇರಿಸಿ, ಪಾಸ್‌ವರ್ಡ್ ಕೊಡಬೇಡಿ. ಒಪ್ಪಂದ ಮುಗಿದ ದಿನವೇ ಅವರ ಹೆಸರು ತೆಗೆದು, ಫೋಟೊ ಮತ್ತು ವಿಡಿಯೊಗಳನ್ನು ಪೆನ್‌ಡ್ರೈವ್‌ನಲ್ಲಿ ಪಡೆಯಿರಿ. ಲೇಬಲ್‌ನ ಮೂಲ ಕಡತವನ್ನು ಕೇಳಲು ಮರೆಯಬೇಡಿ, ಎಂಆರ್‌ಪಿ ಬದಲಾದಾಗಲೆಲ್ಲ ಅದು ಬೇಕಾಗುತ್ತದೆ.